ಸುಲ್ತಾನ್ ಬೀ ಸೋಡಕ್ಕೆ ನಿಂಬೆಯೆಣ್ಣೆ ಹಾಕಿದ್ದು

ಮದ್ದೂರು ಪೇಟೆಯ ಸುಲ್ತಾನ್ ಬೀಗೆ ಸುಲ್ತಾನಗಿರಿ ಇದ್ದದ್ದು ಹೆಸರಿನಲ್ಲಿ. ಸಾಮ್ರಾಜ್ಯ ಅಂತ ಇದ್ದದ್ದು ಮುಂದೆ ಒಂದು ಗೋಲಿಸೋಡದ ಅಂಗಡಿ, ಹಿಂದೆ ಒಂದು ನಿಂಬೆಗಿಡ, ನಡುವೆ ಎರಡು ಕೋಣೆ. ಗಂಡ ತೀರಿಕೊಂಡಾಗ ಅಂಗಡಿಯೂ ಹಿಂದೆಯೇ ಹೋಗುತ್ತದೆ ಅಂತ ಬೀದಿಯವರೆಲ್ಲ ತೀರ್ಮಾನಿಸಿ, ಅಂಗಡಿಗೆ ಪಡಬೇಕಾದ ದುಃಖವನ್ನೂ ಅವತ್ತೇ ಒಟ್ಟಿಗೆ ಪಟ್ಟು ಮುಗಿಸಿದ್ದರು. ಆದರೆ ಸುಲ್ತಾನ್ ಬೀ ಶೋಕದ ದಿನಗಳನ್ನು ಕಳೆದು ಹೊರಗೆ ಬಂದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೋಡ ಮಿಷನ್ನಿನ ಚಕ್ರಕ್ಕೆ ಕೈ ಹಾಕಿದಳು. ಗಂಡಸರು ಉಸ್ಸಪ್ಪಾ ಅಂತ ತಿರುಗಿಸುವ ಚಕ್ರ ಅದು. ಅವಳು ತಿರುಗಿಸುತ್ತ ತಿರುಗಿಸುತ್ತಲೇ ಎದುರಂಗಡಿಯವರ ಜೊತೆ ಜಗಳವನ್ನೂ ಆಡುತ್ತಿದ್ದಳು. ಆಮೇಲೂ ಉಸಿರು ಮಿಕ್ಕುತ್ತಿತ್ತು.

ಗೋಲಿಸೋಡದ ಗುಟ್ಟು ಅದರ ಗಂಟಲಲ್ಲಿದೆ. ಬಾಟಲಿಯನ್ನು ತಲೆಕೆಳಗು ಮಾಡಿ ಗ್ಯಾಸು ನುಗ್ಗಿಸಿದರೆ ಕೊರಳಿನ ಗಾಜಿನ ಗೋಲಿ ಓಡಿಬಂದು ಬಾಯಲ್ಲಿರುವ ರಬ್ಬರು ಬಳೆಗೆ ಒತ್ತಿಕೊಂಡು ಕೂರುತ್ತದೆ. ಹೊರಗಿನಿಂದ ಹೆಬ್ಬೆರಳಲ್ಲಿ ಅದುಮಿದರೆ ಕೀಂಯ್ ಅಂತ ಕಿರುಚಿ ಒಳಗೆ ಬೀಳುತ್ತದೆ. ಇಷ್ಟೇ. ಆದರೆ ಸುಲ್ತಾನ್ ಬೀಯ ಅಂಗಡಿ ಹೆಸರು ಮಾಡಿದ್ದು ಬರೀ ಸೋಡದಿಂದಲ್ಲ, ಲೆಮನ್ ಸೋಡದಿಂದ. ಲೆಮನ್ ಸೋಡ ನಿಂತದ್ದು ಮದ್ರಾಸಿನಿಂದ ಬರುವ ಎಸೆನ್ಸಿನ ಮೇಲೆ, ಎಸೆನ್ಸು ನಿಂತದ್ದು ಇಟಲಿ ದೇಶದ ನಿಂಬೆಹಣ್ಣಿನ ಮೇಲೆ. ಹೀಗಿರುವಾಗ ಇಟಲಿಯವರು ಯುದ್ಧಕ್ಕೆ ಧುಮುಕಿದರು. ಧುಮುಕುವ ಮೊದಲು ಮದ್ದೂರಿನವರನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಅಡಿಯ ಹಣ್ಣು ಜಾರಿತು, ಮೇಲಿನದೆಲ್ಲ ಅಲ್ಲಾಡಿತು. ನಲವತ್ತೊಂದನೆಯ ಇಸವಿಯ ಬೇಸಿಗೆ ಹತ್ತಿರ ಬರುವ ಹೊತ್ತಿಗೆ ಎಸೆನ್ಸಿನ ಕೊನೆಯ ಸೀಸೆಯನ್ನು ನೀರು ಹಾಕಿ ಕುಲುಕಿ, ಆ ನೀರನ್ನೂ ಮಾರಿ ಆಗಿತ್ತು.

ಇದನ್ನೇ ಕಾಯುತ್ತಿದ್ದವನು ಬಾಬು ಜಾನ್. ಸುಲ್ತಾನ್ ಬೀಯ ಗಂಡನ ತಮ್ಮ, ಮಂಡ್ಯದ ಗುತ್ತಲಿನಲ್ಲಿ ಬಸ್ಸು ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್ಕು. ಮಿಷನ್ನಿನಲ್ಲಿ ಅವನಿಗೂ ಪಾಲಿತ್ತು. ಕೆಟ್ಟವನಲ್ಲ. ಅತ್ತಿಗೆಯನ್ನು ಸುಖವಾಗಿ ಇಡಬೇಕು ಅಂತ ಅವನಿಗೆ ಹಟ. ಆ ಸುಖ ಗುತ್ತಲಿನ ಅವನ ಅಡುಗೆಮನೆಯಲ್ಲಿ ಇದೆ ಅಂತ ಅವನ ನಂಬಿಕೆ. ಮನೆಯಲ್ಲಿ ಅವರಿಬ್ಬರ ಮಾತು ಉರ್ದು. ಜಗಳಕ್ಕೆ ಮಾತ್ರ ಕನ್ನಡ, ಬೀದಿಗೂ ಕೇಳಿಸಲಿ ಅಂತ.

“ಭಾಬಿ, ಆ ಮಿಷನ್ ಮಾರ್ಬುಡೋಣ. ಗುತ್ತಲಿಗೆ ಬಂದು ಆರಾಮಾಗಿರಿ. ಮಾಡೋದೇನು, ಎರಡೊತ್ತು ಅಡಿಗೆ.”

“ನಿನ್ನ ಆರು ಮಕ್ಕಳಿಗೆ ಎರಡೊತ್ತು ಅಡಿಗೆ ಮಾಡೋದಕ್ಕೆ ಆರಾಮು ಅಂತಾರೇನೋ ಗುತ್ತಲಲ್ಲಿ? ಮದ್ದೂರಲ್ಲಿ ಬೇರೆ ಏನೋ ಅಂತಾರೆ.”

ಬಾಬು ಜಾನ್ ಬಂದ ಬಸ್ಸಿನಲ್ಲೇ ಹಿಂದಕ್ಕೆ ಹೋದ. ಆದರೆ ಎಸೆನ್ಸಿಲ್ಲದ ಅಂಗಡಿಯಲ್ಲಿ ಕೂತ ಸುಲ್ತಾನ್ ಬೀಗೆ ಮೊದಲ ಸಲ ಗುತ್ತಲಿನ ಒಲೆಯ ಹೊಗೆ ಕಣ್ಣಿಗೆ ಬಂದ ಹಾಗಾಯಿತು.

ಅದೇ ವಾರದ ಶನಿವಾರ ಪುಟ್ಟರಾಜು ಸೈಕಲ್ಲು ನಿಲ್ಲಿಸಿದ. ಕೊಪ್ಪದ ಹುಡುಗ, ಮಂಡ್ಯದ ಸಕ್ಕರೆ ಕಾರ್ಖಾನೆಯ ಲ್ಯಾಬೊರೇಟರಿಯಲ್ಲಿ ಕೆಲಸ. ವಾರಕ್ಕೊಮ್ಮೆ ಊರಿಗೆ ಹೋಗುವಾಗ ಇಲ್ಲಿ ಒಂದು ಲೆಮನ್ ಸೋಡ ಕುಡಿಯದಿದ್ದರೆ ಅವನ ಸೈಕಲ್ಲಿಗೆ ಕೊಪ್ಪದ ದಾರಿ ಕಾಣುತ್ತಿರಲಿಲ್ಲ. ಕೆಮಿಸ್ಟ್ರಿಯೆಂದರೆ ಅವನಿಗೆ ಹೊಸ ಹೆಂಡತಿಯಷ್ಟು ಪ್ರೀತಿ. ಹೆಂಡತಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಪೂರ್ತಿ ಪ್ರೀತಿ ಅತ್ತಲೇ ಹರಿಯುತ್ತಿತ್ತು.

“ಲೆಮನ್ ಇಲ್ಲ ಕಣಪ್ಪ. ಇಟಲಿಯಲ್ಲಿ ಯುದ್ಧ,” ಅಂದಳು ಸುಲ್ತಾನ್ ಬೀ.

“ಹಿತ್ತಲಲ್ಲಿ ಇಟಲಿ ಇಟ್ಕೊಂಡು ಹಿಂಗಂತೀರಲ್ಲ ಸುಲ್ತಾನಮ್ಮ!” ಅಂದ ಪುಟ್ಟರಾಜು. ನೇರ ಹಿತ್ತಲಿಗೆ ನುಗ್ಗಿ, ಮುಳ್ಳು ತರಚಿದ್ದನ್ನೂ ಲೆಕ್ಕಿಸದೆ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದ. “ನೋಡಿ.”

ಸುಲ್ತಾನ್ ಬೀ ಕಣ್ಣು ಕಿರಿದು ಮಾಡಿ ನೋಡಿದಳು. ಎಲೆಯ ತುಂಬ ಸೂಜಿಯಲ್ಲಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕೆಗಳು. ಇಷ್ಟು ವರ್ಷ ಅದರ ಬುಡಕ್ಕೆ ಮುಸುರೆನೀರು ಹೊಯ್ದವಳು, ಎಲೆಯ ಒಳಗೆ ಹೀಗೊಂದು ಜರಡಿ ಇದೆ ಅಂತ ಕಂಡಿರಲಿಲ್ಲ.

“ತೂತಲ್ಲ, ಒಂದೊಂದೂ ಎಣ್ಣೆಯ ಚೀಲ. ಎಲೇಲಿ ಚಿಕ್ಕ ಚೀಲ, ಸಿಪ್ಪೇಲಿ ದೊಡ್ಡ ಚೀಲ. ಹುಳಿ ಇರೋದು ರಸದಲ್ಲಿ. ಘಮ ಇರೋದು ಸಿಪ್ಪೆಯ ಎಣ್ಣೇಲಿ. ನಾವು ಹುಳಿ ಹಿಂಡ್ಕೊಂಡು ಘಮ ಎಸೀತೀವಿ.” ಎಲೆಯ ತೊಟ್ಟಿನ ಎರಡು ಕಡೆ ಇರುವ ಕಿರುರೆಕ್ಕೆಯನ್ನು ತೋರಿಸಿದ. “ಇದೇ ಈ ವಂಶದ ಗುರುತು. ಕಿತ್ತಳೆ, ಹೇರಳೆ, ಚಕ್ಕೋತ, ಎಲ್ಲಾ ಇದರ ದಾಯಾದಿಗಳು. ಎಲ್ಲರಿಗೂ ಎಲೆಗೊಂದು ಸೊಂಟ ಇರುತ್ತೆ.”

“ಇದಕ್ಕೆ ಇನ್ನೊಂದು ಕರಾಮತ್ತಿದೆ,” ಅಂದಳು ಸುಲ್ತಾನ್ ಬೀ, ತನ್ನ ಗಿಡದ ಹೊಗಳಿಕೆಯಲ್ಲಿ ತಾನೂ ಒಂದು ಕೈ ಹಾಕುತ್ತ. “ಒಂದೇ ಬೀಜ ನೆಟ್ಟಿದ್ದೆ, ಮೂರು ಮೊಳಕೆ ಬಂತು. ಬರ್ಕತ್ತು ಅಂದ್ಕೊಂಡೆ.”

“ನಿಂಬೆಬೀಜ ಹಂಗೇ. ಆ ಮೂರರಲ್ಲಿ ಒಂದು ತಂದೆತಾಯಿ ಇಬ್ಬರ ಮಗು. ಉಳಿದವು ತಾಯಿ ಒಬ್ಬಳೇ ಹೆತ್ತವು, ತದ್ರೂಪು ತಾಯಿಯೇ.”

ಸುಲ್ತಾನ್ ಬೀ ಒಂದು ಗಳಿಗೆ ಗಿಡವನ್ನೇ ನೋಡಿದಳು. “ಅಂದ್ರೆ ಗಂಡಸು ಬೇಕೇ ಬೇಕು ಅಂತಿಲ್ಲ?”

“ನಿಂಬೆಗೆ… ಅಷ್ಟೊಂದು ಕಡ್ಡಾಯವಿಲ್ಲ,” ಅಂದ ಪುಟ್ಟರಾಜು, ತಾನು ಏನನ್ನು ಒಪ್ಪಿಕೊಂಡೆ ಅಂತ ಗೊತ್ತಾಗದೆ.

ಅವತ್ತಿನಿಂದ ಸುಲ್ತಾನ್ ಬೀ ನಿಂಬೆಯನ್ನೇ ನಂಬಿದಳು.

ಮೊದಲ ಪ್ರಯತ್ನ ಬಿರಿಯಾನಿಯ ದೇಗಿನಲ್ಲಿ. ಗುಲಾಬಿಯಿಂದ ಅತ್ತರು ತೆಗೆಯುವವರು ಹೂವನ್ನು ಕುದಿಸಿ ಹಬೆ ಹಿಡಿಯುತ್ತಾರೆ ಅಂತ ಅವಳು ಕೇಳಿದ್ದಳು. ಗುಲಾಬಿಗಾಗಿದ್ದು ನಿಂಬೆಗೆ ಆಗದೇ ಏನು? ಹಣ್ಣನ್ನು ಜಜ್ಜಿ ರಸ, ಸಿಪ್ಪೆ, ಬೀಜ ಎಲ್ಲ ದೇಗಿಗೆ ಸುರಿದು, ಮುಚ್ಚಳಕ್ಕೆ ಗೋಧಿಹಿಟ್ಟು ಮೆತ್ತಿ, ಹಳೆಯ ತಾಮ್ರದ ಕೊಳವೆ ತಗುಲಿಸಿ ಬೆಂಕಿಯಿಟ್ಟಳು. ಸಂಜೆಗೆ ಒಂದಿಷ್ಟು ಎಣ್ಣೆಯೇನೋ ಬಂತು. ಮೂಸಿದರೆ ಜ್ವರ ಬಂದ ನಿಂಬೆಹಣ್ಣು ಯಾವುದೋ ಹಳೇ ಮದುವೆಯ ಬಿರಿಯಾನಿಯನ್ನು ಕನವರಿಸಿದ ಹಾಗಿತ್ತು.

ಮುಂದಿನ ಶನಿವಾರ ಪುಟ್ಟರಾಜು ಮೂಸಿ ನಕ್ಕ. “ನಿಂಬೇಲಿ ಸಿಟ್ರಾಲ್ ಅಂತ ಒಂದಿದೆ. ಇರೋದು ಸ್ವಲ್ಪವೇ, ಆದ್ರೆ ನಿಂಬೆಯ ನಿಂಬೆತನ ಅದೇ. ಲಿಮೊನೀನ್ ಅಂತ ಇನ್ನೊಂದು, ಎಣ್ಣೇಲಿ ಅರ್ಧಕ್ಕಿಂತ ಹೆಚ್ಚು ಅದೇ. ನೀವು ಹುಳಿರಸದ ಜೊತೆ ಕುದಿಸಿದ್ರಿ. ಸಿಟ್ರಾಲಿಗೆ ಹುಳಿ ಆಗಲ್ಲ, ಬಿಸೀನೂ ಆಗಲ್ಲ. ಎರಡೂ ಸೇರಿದ್ರೆ ರೂಪವೇ ಬದಲಾಗಿ ಬೇರೆ ಏನೋ ಆಗಿಹೋಗುತ್ತೆ.”

ಸುಲ್ತಾನ್ ಬೀಗೆ ಅರ್ಥವಾಯಿತು. ಅಂಥ ಸೊಸೆಯಂದಿರನ್ನು ಅವಳು ನೋಡಿದ್ದಳು. ಆ ಇಬ್ಬರಿಗೂ ಸಿತಾರಾ ಬೀ, ಮೋನಿ ಬೀ ಅಂತ ಮನೆಯ ಹೆಸರಿಟ್ಟಳು. ಸಿತಾರಾ ನಾಜೂಕಿನವಳು, ಮೋನಿ ದಂಡಿಯಾದವಳು. ಇಬ್ಬರನ್ನೂ ಬೆಂಕಿ ತೋರಿಸದೆ, ಹುಳಿ ತಾಗಿಸದೆ ಕರೆತರಬೇಕು.

ದಾರಿ ಅವಳೇ ಕಂಡುಕೊಂಡಳು. ಹಸಿರುಹಣ್ಣಿನ ಸಿಪ್ಪೆಯನ್ನು ಬಿಡಿಸಿ, ಒಳಮೈ ಹೊರಗೆ ಮಾಡಿ ಮಡಚಿ, ಒಣಗಿದ ಹೀರೆಕಾಯಿ ನಾರಿಗೆ ಒತ್ತಿ ಹಿಂಡುವುದು. ಚೀಲಗಳು ಪಟಪಟ ಒಡೆದು ನಾರು ಎಣ್ಣೆ ಕುಡಿಯುತ್ತದೆ. ಕುಡಿದ ನಾರನ್ನು ಪಿಂಗಾಣಿ ಬಟ್ಟಲಿಗೆ ಹಿಂಡಿ ಇಟ್ಟರೆ ನೀರು ಕೆಳಗೆ, ಎಣ್ಣೆ ಮೇಲೆ, ಎಳೆಯ ಬಾಳೆಸುಳಿಯ ಬಣ್ಣದ ಒಂದು ತೆಳುಪದರ. ಗೋಪುರದಷ್ಟು ಸಿಪ್ಪೆಗೆ ಗೋರಂಟಿಯ ಬೊಟ್ಟಿನಷ್ಟು ಎಣ್ಣೆ. ಗಿಡದ ಹಣ್ಣು ಸಾಲದೆ ಸಂತೆಯ ಹಣ್ಣೂ ಬಂತು. ಸಿಪ್ಪೆ ಸುಲಿಸಿಕೊಂಡ ಬೆತ್ತಲೆ ಹಣ್ಣುಗಳು ಮನೆಮನೆಗೆ ಪುಕ್ಕಟೆ ಹೋದವು. ಆ ತಿಂಗಳು ಆ ಬೀದಿಯಲ್ಲಿ ಚಿತ್ರಾನ್ನವಿಲ್ಲದ ಹೊತ್ತಿಲ್ಲ. ಮಕ್ಕಳಿಗೆ ಹಲ್ಲು ಜುಮ್ಮೆಂದು, ಉಪಾಧ್ಯಾಯರು ಮಗ್ಗಿ ಕೇಳಿದರೆ ಬಾಯಿ ತೆರೆಯಲು ಒಪ್ಪುತ್ತಿರಲಿಲ್ಲ.

ಅವಳಿಗಂತೂ ನಡಿಗೆಯೇ ಬದಲಾಯಿತು. ಕೈ ಘಮ, ತಲೆದಿಂಬು ಘಮ, ರೊಟ್ಟಿ ಘಮ. ಹಿತ್ತಲಲ್ಲಿ ಕೂತು ಹಿಂಡುತ್ತ ಹಿಂಡುತ್ತ ಕಾರಣವಿಲ್ಲದೆ ನಗು ಬರುತ್ತಿತ್ತು. ಒಬ್ಬಳೇ ನಗುವುದನ್ನು ಬೇಲಿಯಾಚೆಯಿಂದ ಕೇಳಿ ಪಕ್ಕದ ಮನೆಯ ಜೈನಾಬ್ ಬೀ ಒಂದು ತಾಯಿತ ಕಟ್ಟಿಸಿ ತಂದುಕೊಟ್ಟಳು. ಸುಲ್ತಾನ್ ಬೀ ಅದನ್ನು ಗಿಡಕ್ಕೆ ಕಟ್ಟಿದಳು.

ಇಂಥ ಒಂದು ಬೆಳಗಿನಲ್ಲಿ ಬಾಬು ಜಾನ್ ಬೀಡಿ ಕಚ್ಚಿಕೊಂಡು ಹಿತ್ತಲಿಗೆ ಬಂದ. “ಏನಿದು ಭಾಬಿ ಹುಚ್ಚು?” ಅಂತ ಬಗ್ಗಿದ. ಸುಲ್ತಾನ್ ಬೀ ಸಿಪ್ಪೆ ಹಿಂಡಿದಳು. ಮೋನಿ ಬೀಗೆ ಬೆಂಕಿಯ ಗುಣ ಇದೆ ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಸಿಪ್ಪೆಯಿಂದ ಹಾರಿದ ತುಂತುರು ಬೀಡಿಯ ಕೆಂಡಕ್ಕೆ ತಾಗಿ ಚರ್ರ್ ಅಂತ ಒಂದು ಸಣ್ಣ ದೀಪಾವಳಿ ಆಯಿತು. ಹೊಗೆ ಸರಿದಾಗ ಬಾಬು ಜಾನನಿಗೆ ಎಡಗಡೆ ಮೀಸೆ ಇರಲಿಲ್ಲ.

ಅವನ ಮೀಸೆ ಗುತ್ತಲಿನಲ್ಲಿ ಹೆಸರುವಾಸಿ. ಅರ್ಧ ಮೀಸೆ ಹೊತ್ತು ಅವನು ಬೀದಿಗೆ ಬಂದು ಕನ್ನಡಕ್ಕೆ ತಿರುಗಿದ.

“ಸಾಕು ಭಾಬಿ! ಇವತ್ತು ಮೀಸೆ, ನಾಳೆ ಮನೆ! ಮಿಷನ್ ಮಾರೋದೇ ಸೈ!”

“ಮಾರೋಕೆ ಇದೇನು ನಿನ್ನ ಮೀಸೆಯಾ, ಇದ್ರೂ ಆಯ್ತು ಹೋದ್ರೂ ಆಯ್ತು ಅನ್ನೋಕೆ?” ಬೀದಿ ಕಿವಿಗೊಟ್ಟು ನಿಂತಿತ್ತು. ಅಂಥ ಸಭೆ ಸೇರಿದರೆ ಸುಲ್ತಾನ್ ಬೀಗೆ ಮಾತು ತಾನಾಗಿ ಒಂದು ಅಳತೆ ಮುಂದೆ ಹೋಗುತ್ತಿತ್ತು. “ಕೇಳ್ಕೋ. ಕೊಪ್ಪದ ಜವರಯ್ಯನವರ ಮಗಳ ಮದುವೆಗೆ ಲೆಮನ್ ಸೋಡ ನಂದು. ದಿಬ್ಬಣದೋರು ಕುಡಿದು ‘ಇನ್ನೊಂದು ಕೊಡಿ’ ಅಂದ್ರೆ ನೀನು ಮಿಷನ್ನಿನ ಮಾತು ಎತ್ಬಾರ್ದು. ಅನ್ನಲಿಲ್ಲ ಅಂದ್ರೆ ನೀನೇ ಬಂದು ಹೊತ್ಕೊಂಡು ಹೋಗು. ನಿನ್ನ ಆರು ಮಕ್ಕಳಿಗೆ ರೊಟ್ಟಿ ತಟ್ತೀನಿ.”

“ಮಾತು?”

“ಮಾತು.”

ಮದುವೆಯ ಸೋಡದ ಆರ್ಡರು ಸಿಕ್ಕಿದ್ದು ಪುಟ್ಟರಾಜುವಿನಿಂದ. ಜವರಯ್ಯ ಅವನ ದೊಡ್ಡಪ್ಪ, ಗದ್ದೆ ಕಬ್ಬು ಎಲ್ಲ ಇರುವ ಗಟ್ಟಿಕುಳ. ಮಗಳು ಶಿವನಂಜಮ್ಮನನ್ನು ಮಳವಳ್ಳಿ ಕಡೆಯ ಊರಿಗೆ ಕೊಡುತ್ತಿದ್ದರು. ದಿಬ್ಬಣ ಬಂದಾಗ ಊರ ಬಾಗಿಲಲ್ಲಿ ಬೀಗರನ್ನು ಎದುರುಗೊಂಡು ಬೆಲ್ಲದ ಪಾನಕ ಕೊಡುವುದು ಪದ್ಧತಿ. ಈ ಸಲ ಜವರಯ್ಯನಿಗೆ ಹೊಸ ಹುರುಪು.

“ಪಾನಕ ಎಲ್ರೂ ಕೊಡ್ತಾರೆ ಕಣ್ ಬೂಬಮ್ಮ. ನಾನು ಸೋಡ ಕುಡುಸ್ತೀನಿ. ಮಳವಳ್ಳಿ ತಂಕ ಮಾತಾಡ್ಕೋಬೇಕು,” ಅಂದ. ಬೂಬಮ್ಮ ಮಾಡಿದ ಪಾನಕವನ್ನಾಗಿದ್ದರೆ ದಿಬ್ಬಣದ ಹಿರಿಯರು ಮುಟ್ಟುತ್ತಿದ್ದರೋ ಇಲ್ಲವೋ. ಸೋಡದ ವಿಚಾರದಲ್ಲಿ ಮಾತ್ರ ಆ ಸೀಮೆಯ ಮಡಿವಂತರೆಲ್ಲ ಒಂದು ರಾಜಿಗೆ ಬಂದಿದ್ದರು. ಗ್ಯಾಸಿಗೆ ಮೈಲಿಗೆಯಿಲ್ಲ.

ಇನ್ನು ಎಣ್ಣೆಯನ್ನು ಸೋಡಕ್ಕೆ ಸೇರಿಸುವುದು ಒಂದೇ ಬಾಕಿ. ಪುಟ್ಟರಾಜು ಒಂದು ಸಣ್ಣ ಸೀಸೆ ತಂದ.

“ಎಣ್ಣೆ ನೀರಲ್ಲಿ ಕರಗಲ್ಲ ಸುಲ್ತಾನಮ್ಮ. ಇದರಲ್ಲಿ ಕರಗಿಸಿ ಆಮೇಲೆ ನೀರಿಗೆ ಹಾಕಬೇಕು. ಕಬ್ಬಿನ ಕಾಕಂಬಿಯಿಂದ ನಮ್ಮಲ್ಲೇ ತೆಗೆದ ಸ್ಪಿರಿಟ್ಟು.”

“ಸ್ಪಿರಿಟ್ಟು ಅಂದ್ರೆ?”

ಪುಟ್ಟರಾಜು ಸುಳ್ಳು ಕಲಿತವನಲ್ಲ. “ಅಂದ್ರೆ… ಸಾರಾಯಿಯ ಅಪ್ಪ.”

“ತೌಬಾ! ತೌಬಾ!” ಸುಲ್ತಾನ್ ಬೀ ಬಟ್ಟಲನ್ನು ಎದೆಗವಚಿಕೊಂಡು ಹಿಂದೆ ಸರಿದಳು. “ನನ್ನ ಅಂಗಡೀಲಿ?”

“ಮದ್ರಾಸಿನ ಎಸೆನ್ಸಲ್ಲೂ ಇದೇ ಇತ್ತು.”

ಸುಲ್ತಾನ್ ಬೀ ಹೊಸ್ತಿಲ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಮೌಲ್ವಿ ಸಾಹೇಬರಿಗೆ ಪ್ರತಿ ಶುಕ್ರವಾರ ಒಂದು ಲೆಮನ್ ಸೋಡ ತಾನೇ ಕೈಯಾರೆ ಕಳಿಸಿದ್ದಳು. ಅವರು ಕುಡಿದು ದುವಾ ಮಾಡುತ್ತಿದ್ದರು. ಸೀಸೆಯನ್ನು ಅವನತ್ತ ತಳ್ಳಿದಳು: “ಗೊತ್ತಿಲ್ದೆ ಮಾಡಿದ್ದನ್ನ ಅಲ್ಲಾ ಮಾಫ್ ಮಾಡ್ತಾನೆ. ಗೊತ್ತಾದ ಮೇಲೂ ಮಾಡಿದ್ರೆ ನಾನೇ ನನ್ನ ಮಾಫ್ ಮಾಡಲ್ಲ. ತಗೊಂಡ್ ಹೋಗಪ್ಪ ನಿನ್ನ ಅಪ್ಪನ್ನ.”

“ಹಂಗಾದ್ರೆ ಎಣ್ಣೆ ನಿಲ್ಲಲ್ಲ, ಮೇಲಕ್ಕೆ ತೇಲುತ್ತೆ,” ಅಂದ ಪುಟ್ಟರಾಜು.

“ತೇಲಲಿ. ಮೇಲೆ ಇದ್ರೆ ಮೊದಲ ಗುಟುಕಿಗೇ ಘಮ.”

ಅವಳು ಎಣ್ಣೆಯನ್ನು ಸಕ್ಕರೆಗೆ ಹಾಕಿ ಕಲ್ಲಿನಲ್ಲಿ ನುಣ್ಣಗೆ ಅರೆದು, ಆ ಸಕ್ಕರೆಯ ಪಾಕ ಹಾಕಿ ಸೋಡ ತುಂಬಿದಳು. ತುಂಬಿದ ಕೂಡಲೇ ಒಂದನ್ನು ಒಡೆದು ಪುಟ್ಟರಾಜುವಿಗೆ ಕೊಟ್ಟಳು. ಅವನು ಕುಡಿದ. ಕಣ್ಣು ಮುಚ್ಚಿದ. ಮೂಗಿನೊಳಗೆ ಒಂದು ನಿಂಬೆಗಿಡವೇ ಹೂಬಿಟ್ಟು ಅಲ್ಲಾಡಿದಂತಾಗಿ ಮೂರು ಸಲ ಸೀನಿದ.

“ಇಟಲಿ ಸೋಲ್ತು ಸುಲ್ತಾನಮ್ಮ,” ಅಂದ.

ಬೀದಿಯವರೂ ಕುಡಿದು ಸೀನಿದರು. ತಪ್ಪು ಇದ್ದದ್ದು ಇಲ್ಲೇ. ಎಲ್ಲರೂ ಕುಡಿದದ್ದು ಆಗಷ್ಟೇ ತುಂಬಿದ ಸೋಡವನ್ನು. ಮದುವೆಯ ಬಾಟಲಿಗಳನ್ನು ಅವಳು ಎರಡು ದಿನ ಮುಂಚೆ ತುಂಬಿ, ಕಾನ್ವೆಂಟಿನ ಹುಡುಗಿಯರ ಹಾಗೆ ಸಾಲಾಗಿ, ನೆಟ್ಟಗೆ, ಮಾತಿಲ್ಲದೆ ನಿಲ್ಲಿಸಿದಳು. ಹೊರಗೆ ಎಷ್ಟು ಶಿಸ್ತು! ಒಳಗೆ ಸಕ್ಕರೆಯ ಕೈಬಿಟ್ಟ ಎಣ್ಣೆ ಹನಿಹನಿಯಾಗಿ ಕೊರಳು ಹತ್ತಿ, ಗೋಲಿಯ ಸುತ್ತ ಉಂಗುರ ಕಟ್ಟಿ, ರಬ್ಬರು ಬಳೆಯ ಕಿವಿಯಲ್ಲಿ ಏನೋ ಹೇಳುತ್ತಿತ್ತು.

ಮದುವೆಯ ದಿನ ಹುಲ್ಲು ಹಾಸಿದ ಗಾಡಿಯಲ್ಲಿ ಸೋಡ ಕೊಪ್ಪಕ್ಕೆ ಬಂತು. ಹಿಂದೆಯೇ ಬಾಬು ಜಾನ್ ಬಂದ, ಬಲಗಡೆಯ ಮೀಸೆಯನ್ನೂ ತೆಗೆಸಿ ಲೆಕ್ಕ ಸರಿ ಮಾಡಿಕೊಂಡಿದ್ದ. ಊರ ಬಾಗಿಲಲ್ಲಿ ಹೆಂಗಸರು ಕಳಸ ಹಿಡಿದು ನಿಂತಿದ್ದರು. ಸುಡುಬಿಸಿಲಲ್ಲಿ ಮಳವಳ್ಳಿ ಕಡೆಯಿಂದ ಗಾಡಿಗಳ ಸಾಲು ಬಂದು ನಿಂತಿತು. ಎಲ್ಲರಿಗಿಂತ ಮೊದಲು ಇಳಿದವನು ಗಂಡಿನ ಸೋದರಮಾವ ಮರಿಸಿದ್ದಯ್ಯ, ಜರಿಪೇಟದ, ಎತ್ತಿನ ಹೆಗಲಿನ ಆಸಾಮಿ. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

“ಪಾನಕ ಎಲ್ಲೈತ್ರಪ್ಪ?”

“ಪಾನಕ ಅಲ್ಲ ಬೀಗ್ರೇ, ಲೆಮನ್ ಸೋಡ!” ಅಂದ ಜವರಯ್ಯ, ಎದೆ ಒಂದು ಗೇಣು ಮುಂದೆ ಬಂದಿತ್ತು.

ಮರಿಸಿದ್ದಯ್ಯ ಬಾಟಲಿ ಹಿಡಿದು ಹೆಬ್ಬೆರಳಿಟ್ಟು ಅದುಮಿದ. ಗೋಲಿ ಅಲ್ಲಾಡಲಿಲ್ಲ. ಮೊಣಕಾಲಿಗೆ ಊರಿ ಅದುಮಿದ. ಮುಖ ದಾಸವಾಳವಾಯಿತು, ಗೋಲಿ ಗೋಲಿಯಾಗಿಯೇ ಇತ್ತು. ಪಕ್ಕದವನು ಅದುಮಿದ, ಅವನ ಪಕ್ಕದವನು ಅದುಮಿದ. ಇಡೀ ದಿಬ್ಬಣ ಸಾಲಾಗಿ ನಿಂತು ಸೋಡಕ್ಕೆ ಹೆಬ್ಬೆಟ್ಟು ಒತ್ತುತ್ತಿತ್ತು. ಆದರೆ ಒಂದು ಕೀಂಯ್ ಇಲ್ಲ.

“ಏನ್ಲಾ ಜವರ,” ಅಂದ ಮರಿಸಿದ್ದಯ್ಯ, ಏದುಸಿರಿನಲ್ಲಿ. “ಬೀಗ್ರು ಅಂತ ಸೋಡಕ್ಕೂ ಬೀಗ ಜಡಿದ್ಬುಟ್ಟಿದ್ದೀಯಾ? ನಮ್ಮಳ್ಳೀಲಿ ನೀರಾದ್ರೂ ಕೊಡ್ತಿದ್ರು ಕಣಯ್ಯ.”

ಹೆಣ್ಣಿನ ಕಡೆಯವರ ಮುಖ ಕಪ್ಪಿಟ್ಟಿತು. ಜವರಯ್ಯ ಗಾಡಿಯ ಹತ್ತಿರ ಓಡಿಬಂದ. “ಏನ್ ಬೂಬಮ್ಮ ಇದು? ಮರ್ವಾದಿ ಕಳೀತಾ ಇದೀಯಲ್ಲ!”

ಸುಲ್ತಾನ್ ಬೀ ತಾನೇ ಒಂದು ಬಾಟಲಿಗೆ ಬೆರಳಿಟ್ಟಳು. ಆ ಹೆಬ್ಬೆರಳು ಎಷ್ಟೋ ಸಾವಿರ ಗೋಲಿಗಳನ್ನು ಒಳಗೆ ಕಳಿಸಿದ್ದು. ಇದು ಹೋಗಲಿಲ್ಲ. ಬಾಯಿಯ ಒಳಗೆ ನೋಡಿದಳು. ರಬ್ಬರು ಬಳೆ ಮಳೆಗೆ ನೆನೆದ ಅಣಬೆಯ ಹಾಗೆ ಉಬ್ಬಿ, ಮೆತ್ತಗೆ, ಗೋಲಿಯನ್ನು ಅಪ್ಪಿಕೊಂಡು ಕೂತಿತ್ತು. ಪುಟ್ಟರಾಜು ಪಕ್ಕದಲ್ಲಿ ಬಗ್ಗಿ ನೋಡಿದವನು ಹಣೆ ಚಚ್ಚಿಕೊಂಡ.

“ಎಣ್ಣೆ ಮೇಲೇರಿದೆ ಸುಲ್ತಾನಮ್ಮ. ಲಿಮೊನೀನಿಗೆ ರಬ್ಬರು ಅಂದ್ರೆ ಪ್ರಾಣ. ರಬ್ಬರು ಎಣ್ಣೆ ಕುಡಿದು ಊದಿಕೊಂಡಿದೆ.”

“ಮೋನಿ!” ಅಂದಳು ಸುಲ್ತಾನ್ ಬೀ ಹಲ್ಲು ಕಚ್ಚಿ. ಗಾಡಿಯ ಆಚೆಯಿಂದ ಬಾಬು ಜಾನ್ ಮೆಲ್ಲಗೆ ಕೇಳಿದ: “ಭಾಬಿ, ಗಾಡಿ ಇವತ್ತೇ ತರ್ಲಾ, ನಾಳೆ ತರ್ಲಾ?”

ಅಷ್ಟರಲ್ಲಿ ಕಳಸ ಹಿಡಿದ ಹೆಂಗಸರ ಗುಂಪಿನಿಂದ, ಬೀಗರನ್ನು ಹಂಗಿಸಲು ಒಂದು ನೆಪಕ್ಕೆ ಕಾದಿದ್ದ ಗಂಟಲೊಂದು ರಾಗ ಎತ್ತಿತು:

“ಬೀಗರು ಬಂದಾರೆ ಬಿಸಿಲಲ್ಲಿ ಬೆಂದಾರೆ
ಗೋಲಿಯ ಮುಂದೆ ಸೋತಾರೆ, ಇವರ
ಹೆಬ್ಬೆಟ್ಟು ಹಲಸಿನ ತೊಳೆಯಮ್ಮ!”

ಉಳಿದವರು ಸೊಲ್ಲು ಹಿಡಿದು ಹಾಡಿದರು. ಹಾಡು ಕೇಳಿದರೆ ಸುಮ್ಮನಿರಲು ಬೀಗರಿಗೆ ಶಾಸ್ತ್ರದಲ್ಲೇ ಅವಕಾಶವಿಲ್ಲ. ಮರಿಸಿದ್ದಯ್ಯ ಹೊಸ ಬಾಟಲಿ ಕಸಿದುಕೊಂಡ. ಸುಲ್ತಾನ್ ಬೀಗೆ ಗ್ಯಾಸಿಗಿಂತ ಮೊದಲು ತಲೆಗೆ ಏನೋ ಏರಿತು. ಗಾಡಿಯ ನೊಗದ ಗೂಟವನ್ನು ಸರಕ್ಕನೆ ಎಳೆದುಕೊಂಡು, ರಸ್ತೆಯ ಒಂದು ಕಲ್ಲು ಎತ್ತಿಕೊಂಡು ದಿಬ್ಬಣದ ನಡುವೆ ನಿಂತಳು.

“ಗೌಡ್ರೇ, ಬಾಟ್ಲಿ ಗಟ್ಟಿಯಾಗಿ ಹಿಡ್ಕೊಳಿ!”

ಗೋಲಿಯ ಮೇಲೆ ಗೂಟ, ಗೂಟದ ಮೇಲೆ ಕಲ್ಲು. ಢಂ!

ಎರಡು ದಿನ ಬಾಯಿ ಕಟ್ಟಿಕೊಂಡು, ಬಿಸಿಲಲ್ಲಿ ಕುದ್ದು ಬಂದಿದ್ದ ಗ್ಯಾಸು ಒಮ್ಮೆಗೇ ಹೊರಟಿತು. ನೊರೆ ಕಾರಂಜಿಯಾಗಿ ಮರಿಸಿದ್ದಯ್ಯನ ಮುಖಕ್ಕೆ, ಮುಖದಿಂದ ಪೇಟಕ್ಕೆ, ಪೇಟದಿಂದ ಹಿಂದಿನವರ ತಲೆಗೆ. ಹಾಡು ನಿಂತಿತು. ಡೋಲು ನಿಂತಿತು. ಎತ್ತುಗಳು ಕೂಡ ಮೆಲುಕು ನಿಲ್ಲಿಸಿದವು. ಜವರಯ್ಯ ಕಣ್ಣು ಮುಚ್ಚಿಕೊಂಡ. ಮದುವೆ ಮುರಿಯುವ ಸದ್ದಿಗೆ ಕಾಯುವವನ ಹಾಗಿದ್ದ.

ಮರಿಸಿದ್ದಯ್ಯ ನಿಂತೇ ಇದ್ದ. ಮೀಸೆಯಿಂದ ನೊರೆ ಇಳಿಯುತ್ತಿತ್ತು. ನಿಧಾನವಾಗಿ ನಾಲಗೆ ಹೊರಗೆ ಬಂತು. ಎಡಮೀಸೆ ನೆಕ್ಕಿತು. ಬಲಮೀಸೆ ನೆಕ್ಕಿತು. ಆಮೇಲೆ ಗಾಳಿಯಲ್ಲಿ ಮೂಗೆತ್ತಿ ದೀರ್ಘವಾಗಿ ಉಸಿರೆಳೆದುಕೊಂಡು ಸೀನಿದ.

“ಇನ್ನೊಂದು ಒಡಿ ಬೂಬಮ್ಮ!”

ಅಲ್ಲಿಗೆ ಕೊಪ್ಪದ ಊರಬಾಗಿಲಿಗೆ ಅಮಲು ಹತ್ತಿತು. ಒಂದು ತೊಟ್ಟು ಸಾರಾಯಿ ಇಲ್ಲದೆ. ಗೂಟಗಳು ಬಂದವು, ಚಿನ್ನಿಕೋಲು ಬಂದವು, ಯಾರೋ ಒನಕೆಯನ್ನೇ ತಂದರು. ಢಂ ಢಂ ಢಂ! ಹೆಣ್ಣಿನ ಕಡೆಯವರು ಗಂಡಿನ ಕಡೆಗೆ ಬಾಟಲಿ ತಿರುಗಿಸಿ ಹೊಡೆದರು, ಗಂಡಿನ ಕಡೆಯವರು ಕಳಸದ ಹೆಂಗಸರನ್ನೇ ಗುರಿಯಿಟ್ಟರು. ಧಾರೆ ಮುಗಿದ ಮೇಲೆ ಆಡಬೇಕಾದ ಓಕುಳಿ, ಮದುಮಗ ಗಾಡಿಯಿಂದ ಇಳಿಯುವ ಮೊದಲೇ ನಡೆದುಹೋಯಿತು. ಚಪ್ಪರದಲ್ಲಿ ಕೂರಿಸಿದ್ದ ಮದುಮಗಳು ಶಿವನಂಜಮ್ಮ ಗದ್ದಲ ಕೇಳಿ ಓಡಿಬಂದು, ತಡೆಯುವವರು ತಡೆಯುವ ಮೊದಲೇ ಒಂದು ಬಾಟಲಿ ಹಿಡಿದು, ತನ್ನ ಗಂಡನಾಗುವವನನ್ನು ಮೊದಲ ಸಲ ಕಣ್ತುಂಬ ನೋಡಿ, ಢಂ ಅನ್ನಿಸಿದಳು. ಬಾಸಿಂಗದಿಂದ ಸೋಡ ತೊಟ್ಟಿಕ್ಕುತ್ತಿದ್ದ ಹುಡುಗ ಹಲ್ಲುಕಿರಿದ. ಆ ಸಂಬಂಧ ಅಲ್ಲೇ ಗಟ್ಟಿಯಾಯಿತು ಅಂತ ಆಮೇಲೆ ಎಲ್ಲರೂ ಹೇಳಿದರು. ಬಟ್ಟೆ, ಕೂದಲು, ಎತ್ತಿನ ಕೊಂಬು, ರಸ್ತೆಯ ಧೂಳು, ಎಲ್ಲ ನಿಂಬೆ. ಬೇಲಿಯಿಂದ ಜೇನುಹುಳುಗಳು ಬಂದು ಯಾರ ತಲೆಯ ಮೇಲೆ ಕೂರಬೇಕೆಂದು ತಿಳಿಯದೆ ತಿರುಗಿದವು.

ನಡುವೆ ಬಾಬು ಜಾನ್ ಕೈಯೆತ್ತಿ ಕೂಗುತ್ತಿದ್ದ. “ಇದು ಲೆಕ್ಕಕ್ಕಿಲ್ಲ ಭಾಬಿ! ಮಾತು ಆಗಿದ್ದು ಕುಡಿದ್ರೆ ಅಂತ! ಇವ್ರು ಕುಡಿದಿಲ್ಲ, ಮೈಗೆ ಹುಯ್ಕೊಂಡಿದ್ದಾರೆ!”

ಸುಲ್ತಾನ್ ಬೀ ಮುಖದ ನೊರೆ ಒರೆಸಿಕೊಂಡಳು. ಮಾತು ನ್ಯಾಯವಾಗಿಯೇ ಇತ್ತು. “ಸರಿ. ಗೌಡ್ರನ್ನೇ ಕೇಳು.”

ಬಾಬು ಜಾನ್ ಮರಿಸಿದ್ದಯ್ಯನ ಮುಂದೆ ಹೋಗಿ ಕೈ ಮುಗಿದ. “ಸ್ವಾಮಿ, ಸತ್ಯ ಹೇಳ್ಬೇಕು. ನೀವು ಸೋಡ ಕುಡಿದ್ರಾ, ಚೆಲ್ಲಿಕೊಂಡ್ರಾ?”

ಮರಿಸಿದ್ದಯ್ಯ ಜರಿಪೇಟವನ್ನು ಬಿಚ್ಚಿ, ಅದರ ತುದಿಯನ್ನು ಬಾಯಿಗೆ ಹಿಂಡಿಕೊಳ್ಳುತ್ತಿದ್ದ. ಕೊನೆಯ ಹನಿ ಬಿದ್ದ ಮೇಲೆ ಬಾಬು ಜಾನನನ್ನು ಮೇಲಿಂದ ಕೆಳಗೆ ನೋಡಿದ.

“ಕಣ್ ಕಾಣಕಿಲ್ವೇನಯ್ಯಾ? ಇನ್ನೂ ಕುಡೀತಾನೇ ಇವ್ನಿ.” ತಿರುಗಿ ಸುಲ್ತಾನ್ ಬೀಗೆ: “ಬೂಬಮ್ಮ, ಎಂಟು ದಿನಕ್ಕೆ ನಮ್ಮೂರಲ್ಲಿ ಬೀಗರೂಟ. ಇದೇ ಸೋಡ ಬರ್ಬೇಕು. ಬಿಗಿ ಮಾತ್ರ ಒಂಚೂರೂ ಕಮ್ಮಿ ಆಗ್ಬಾರ್ದು. ಕೊಪ್ಪದೋರ ಹೆಬ್ಬೆಟ್ಟೂ ನಾವು ನೋಡ್ಬೇಕು.”

“ಆಗಲ್ಲ ಗೌಡ್ರೇ, ಅದು ತಪ್ಪಿ ಆದದ್ದು,” ಅನ್ನಲು ಬಾಯಿ ತೆರೆದ ಪುಟ್ಟರಾಜುವಿನ ಕಾಲನ್ನು ಸುಲ್ತಾನ್ ಬೀ ತುಳಿದಳು.

“ಆಯ್ತು ಗೌಡ್ರೇ. ಬಿಗಿ ನನ್ನ ಜವಾಬ್ದಾರಿ.”

ಆಮೇಲೆ ಗಾಡಿಯ ನೆರಳಿನಲ್ಲಿ ಪುಟ್ಟರಾಜು ಕಾಲು ತಿಕ್ಕಿಕೊಳ್ಳುತ್ತ ಪಿಸುಗುಟ್ಟಿದ: ಅಂಗಡಿಯ ದಿನದ ವ್ಯಾಪಾರಕ್ಕೆ ಎಣ್ಣೆಯನ್ನು ಗೊಬ್ಬಳಿ ಜಾಲಿಮರದ ಅಂಟಿನಲ್ಲಿ ಚೆನ್ನಾಗಿ ತಿಕ್ಕಿ ನೀರಿಗೆ ಹಾಕಿದರೆ ಬೇಗ ತೇಲುವುದಿಲ್ಲ, ಅದರಲ್ಲಿ ಯಾರ ಅಪ್ಪನೂ ಇಲ್ಲ. ಮದುವೆ ಸೋಡಕ್ಕೆ ಮಾತ್ರ ಬರೀ ಎಣ್ಣೆ, ಎರಡು ದಿನ ನೆಟ್ಟಗೆ. ಸುಲ್ತಾನ್ ಬೀ ತಲೆಯಾಡಿಸಿದಳು. ಕೇಳಿಸಿತೋ ಇಲ್ಲವೋ, ಅವಳು ನಗುತ್ತಿದ್ದಳು. ಮೊದಲು ಸಣ್ಣಗೆ, ಆಮೇಲೆ ಗಾಡಿಯ ಗಾಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

ಮಾರನೆಯ ಬೆಳಗ್ಗೆ ಅಂಗಡಿಯ ಜಗಲಿಯಲ್ಲಿ ಖಾಲಿ ಬಾಟಲಿಗಳ ರಾಶಿ. ಉಬ್ಬಿದ ರಬ್ಬರು ಬಳೆಗಳನ್ನು ಒಂದೊಂದಾಗಿ ಕೊಕ್ಕೆಯಲ್ಲಿ ಕಿತ್ತು ಹೊಸದು ಕೂರಿಸುವುದು ಕೈಚಳಕದ ಕೆಲಸ, ಮೆಕ್ಯಾನಿಕ್ಕಿಗೇ ಸರಿ. ಬಾಬು ಜಾನ್ ಕೂತಿದ್ದ. ಒಳಗೆ ಚಕ್ರ ತಿರುಗುವ ಸದ್ದು, ಅದರ ಮೇಲೆ ಸುಲ್ತಾನ್ ಬೀ ಎದುರಂಗಡಿಯವರಿಗೆ ನಿನ್ನೆಯ ಕಥೆಯನ್ನು ಮೂರನೆಯ ಸಲ, ಹಿಂದಿನ ಎರಡಕ್ಕಿಂತ ದೊಡ್ಡದು ಮಾಡಿ ಹೇಳುವ ಸದ್ದು. ದಾರಿಯಲ್ಲಿ ಹೋಗುವವನೊಬ್ಬ ನಿಂತ.

“ಏನ್ ಬಾಬಣ್ಣ, ಮಿಷನ್ ಮಾರ್ತಾರೆ ಅಂತ ಸುದ್ದಿಯಿತ್ತು?”

ಬಾಬು ಜಾನ್ ತಲೆಯೆತ್ತಲಿಲ್ಲ. ಒಂದು ಬಳೆ ಚಟ್ ಅಂತ ಕಿತ್ತು ಬಂತು, ಮೂಗಿನ ಹತ್ತಿರ ಹಿಡಿದು ಮೂಸಿ ಪಕ್ಕಕ್ಕೆ ಹಾಕಿದ.

“ಸೋಡ ಬೇಕಾದ್ರೆ ಕೂತ್ಕೋ. ಬ್ಯಾಡ್ದಿದ್ರೆ ಬೆಳಕು ಬುಡು.”